ರಮಾಬಾಯಿಯ ಎದೆಯ ತೂಬು

ರಮಾಬಾಯಿಯ ಮುತ್ತಜ್ಜ ಸೇತುಮಾಧವಾಚಾರ್ ಬನ್ನೂರು ಕಡೆಯವರು. ಊರಿಗೆ ವಾಂತಿಭೇದಿ ಹೊಕ್ಕು ಮನೆಮನೆಯಲ್ಲೂ ಒಲೆ ಆರಿದ ವರ್ಷ, ಇವರು ಹೊಳೆ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿ, ಬಂದವರ ಜಾತಿ ಕೇಳದೆ ಬಡಿಸಿದರು. ರೋಗ ಇಳಿದ ಮೇಲೆ ಊರಿನ ದೊಡ್ಡವರು ಇವರನ್ನು ಪಂಕ್ತಿಯಿಂದ ಹೊರಗಿಟ್ಟರು. ತಪ್ಪಾಯಿತೆಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಇವರು ಹೇಳಲಿಲ್ಲ. ಆ ಅನ್ನ ಬೇಯಿಸಿದ ದೊಡ್ಡ ಹಿತ್ತಾಳೆ ಕೊಳದಪ್ಪಲೆಯನ್ನು ತಲೆಯ ಮೇಲಿಟ್ಟುಕೊಂಡು, ಹೆಂಡತಿ ಮಕ್ಕಳನ್ನು ಹಿಂದಿಟ್ಟುಕೊಂಡು, ಮದರಾಸಿನ ದಾರಿ ಹಿಡಿದರು.

ಅಜ್ಜ ಭೋಜರಾಜಾಚಾರ್ ತೋಳಿನ ಬಲಕ್ಕೆ ಹೆಸರಾದವರು. ಮದರಾಸಿನ ತಿರುವಲ್ಲಿಕ್ಕೇಣಿ ಕೇರಿಯ ಒಂದು ಮದುವೆ ಮನೆಯಲ್ಲಿ ಅಡುಗೆ ಚಪ್ಪರಕ್ಕೆ ಬೆಂಕಿ ಹತ್ತಿದಾಗ ಜನವೆಲ್ಲ ಬೀದಿಗೆ ಓಡಿದರೆ, ಇವರು ಕುದಿಯುವ ಅನ್ನದ ಅದೇ ಕೊಳದಪ್ಪಲೆಯನ್ನು ಒದ್ದೆ ಪಂಚೆಯಲ್ಲಿ ತಬ್ಬಿ ಹೊರಗೆ ತಂದರು. ಮುಹೂರ್ತವೂ ತಪ್ಪಲಿಲ್ಲ, ಊಟವೂ ತಪ್ಪಲಿಲ್ಲ. ಎದೆಯ ಮೇಲಿನ ಸುಟ್ಟ ಕಲೆ ಸಾಯುವವರೆಗೂ ಇತ್ತು. ತಂದೆ ಪ್ರಹ್ಲಾದಾಚಾರ್ ಸಣ್ಣಾಳು, ಮೆತ್ತನೆ ಮಾತಿನವರು. ಆದರೂ ಜಪಾನಿನವರು ಬಾಂಬು ಹಾಕುತ್ತಾರೆಂದು ಮದರಾಸು ಖಾಲಿಯಾದಾಗ ಊರು ಬಿಡಲೊಪ್ಪದೆ, ಉಳಿದ ಮುದುಕ ಮುದುಕಿಯರಿಗೆ ದಿನವೂ ಒಂದು ಹೊತ್ತು ಬೇಯಿಸಿ ಹಾಕಿದರು. ಅವರಿಗೆ ಗಂಡುಮಕ್ಕಳಿರಲಿಲ್ಲ. ಕೊಳದಪ್ಪಲೆ ಮಗಳ ಪಾಲಿಗೆ ಬಂತು.

ಇಂಥ ಬೇರಿನ ಮೇಲೆ ಎದ್ದ ಗಿಡ ರಮಾಬಾಯಿ. ಚಿಕ್ಕ ವಯಸ್ಸಿಗೇ ಗಂಡ ತೀರಿಹೋದ. ಕೈಕೂಸು ಗುರುಚರಣನನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಡಿ ಅಡುಗೆಗೆ ನಿಂತಳು. ತಿರುವಲ್ಲಿಕ್ಕೇಣಿಯಲ್ಲಿ, ಮೈಲಾಪುರದಲ್ಲಿ ನೆಲೆಯೂರಿದ ಕನ್ನಡದ ವೈಷ್ಣವರ ಮನೆಗಳಲ್ಲಿ ಶ್ರಾದ್ಧವೆಂದರೆ ರಮಾಬಾಯಿಗೆ ಹೇಳಿಕಳಿಸಬೇಕು. ಬೆಳಕು ಹರಿಯುವ ಮೊದಲೇ ಬರುತ್ತಾಳೆ. ತಲೆಗೆ ನೀರು ಹಾಕಿಕೊಳ್ಳುತ್ತಾಳೆ. ಹಿಂದಿನ ದಿನ ಯಾರ ಕೈಗೂ ಎಟುಕದಂತೆ ಗಳುವಿನ ಮೇಲೆ ಒಣಹಾಕಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಡುತ್ತಾಳೆ. ಅಲ್ಲಿಂದ, ಪಿತೃಗಳ ಸ್ಥಾನದಲ್ಲಿ ಬ್ರಾಹ್ಮಣಾರ್ಥಕ್ಕೆ ಕೂತವರು ಉಂಡೇಳುವ ತನಕ ಅವಳನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮಾಡಿದ ಅಡುಗೆಯೆಲ್ಲ ಮೈಲಿಗೆ, ಒಲೆಯಿಂದ ಮತ್ತೆ ಶುರು. ನೀರನ್ನೂ ಅವಳೇ ಬಾವಿಯಿಂದ ಸೇದಬೇಕು. ನಲ್ಲಿ ನೀರು, ಲಾರಿ ನೀರು ಅವಳ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಉದ್ದಿನ ವಡೆ ಒಂದರಂತೆ ಇನ್ನೊಂದು. ಗಂಡಸರು ಅಡುಗೆಮನೆಯ ಹೊಸಿಲ ಹತ್ತಿರ ಬಂದರೆ ಸಟ್ಟುಗ ಎತ್ತಿ ತೋರಿಸುವಳು. ಆ ಮನೆಗಳ ಪುರೋಹಿತ ಹರಿದಾಸಾಚಾರ್ ಕೂಡ ಅವಳ ಸಟ್ಟುಗಕ್ಕೆ ಹೆದರುತ್ತಿದ್ದರು.

ಗುರುಚರಣ ಓದಿದ, ವಿಮಾ ಕಂಪನಿಯಲ್ಲಿ ಅಧಿಕಾರಿಯಾದ, ಶ್ರೀವಿದ್ಯಾಳನ್ನು ಮದುವೆಯಾಗಿ ಬೆಸೆಂಟ್ ನಗರದಲ್ಲಿ ಫ್ಲಾಟು ತೆಗೆದುಕೊಂಡ. ತಾಯಿಯನ್ನು ಕರೆದ. ಸಮುದ್ರದ ಗಾಳಿ ಚೆನ್ನಾಗಿದೆ, ಬಾವಿ ಎಲ್ಲಿದೆ ಎಂದು ಅವಳು ಕೇಳಿದಳು. ಬಾವಿ ಇರಲಿಲ್ಲ. ತಿರುವಲ್ಲಿಕ್ಕೇಣಿಯ ಹಳೆಯ ವಠಾರದ ತನ್ನ ಎರಡು ಕೋಣೆಯಲ್ಲೇ ಉಳಿದಳು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು, ರಮಾಬಾಯಿಗೆ ಅರವತ್ತು ತುಂಬಿತ್ತು. ಹಳೆಯ ಗೆಳತಿ ಅಂಬುಜಮ್ಮನ ಮಾವನ ಶ್ರಾದ್ಧದ್ದು ಏಕಾದಶಿಯ ತಿಥಿ. ಏಕಾದಶಿಯಂದು ಉಪವಾಸವಾದ್ದರಿಂದ ಆ ಶ್ರಾದ್ಧ ದ್ವಾದಶಿಗೆ ಬೀಳುತ್ತದೆ. ಅಡುಗೆಯವಳಿಗೆ ಇದು ಕಠಿಣ ದಿನ. ಹಿಂದಿನ ದಿನವೆಲ್ಲ ತೊಟ್ಟು ನೀರಿಲ್ಲ, ಮರುದಿನ ಬ್ರಾಹ್ಮಣರು ಉಣ್ಣುವ ತನಕ ಒಲೆಯ ಮುಂದೆ.

ಆ ಬೆಳಿಗ್ಗೆ ನೀರು ಸೇದುವಾಗಲೇ ಎದೆ ಹಿಂಡಿತು. ಎಡಗೈ ಜೋಮು ಹಿಡಿಯಿತು. ಬರಿ ಹೊಟ್ಟೆಯ ಪಿತ್ತ ಎಂದುಕೊಂಡಳು. ಏಕಾದಶಿಯ ಮರುದಿನ ಉರಿ, ಸಂಕಟ ಎಲ್ಲರಿಗೂ ಇದ್ದದ್ದೇ. ಬೇಳೆ ಬೇಯಿಸಿದಳು, ಅಗಸೆ ಸೊಪ್ಪು ಬಿಡಿಸಿದಳು. ವಡೆಗೆ ರುಬ್ಬುವಾಗ ಮೈಯೆಲ್ಲ ಬೆವರಿ ಗೋಡೆಗೆ ಒರಗಿದಳು. ಅಂಬುಜಮ್ಮ ಹೊಸಿಲಿನ ಹೊರಗೆ ನಿಂತು, ಏನಾಯಿತೆಂದು ಕೇಳಿದಳು. ಹರಿದಾಸಾಚಾರ್ ಬಂದರು. ಒಬ್ಬರೂ ಒಳಗೆ ಕಾಲಿಡಲಿಲ್ಲ. ರಮಾಬಾಯಿ ಕೈಯೆತ್ತಿ, ಮುಟ್ಟಬೇಡಿ ಎಂದು ಸನ್ನೆ ಮಾಡಿದಳು. ಅವಳನ್ನು ಎತ್ತಿದರೆ ಶ್ರಾದ್ಧ ಕೆಡುತ್ತದೆ, ಬಂದ ಪಿತೃಗಳು ಹಸಿದು ಹೋಗುತ್ತಾರೆ; ಅದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ಸುಧಾರಿಸಿಕೊಂಡು ಎದ್ದು ವಡೆ ಕರಿದಳು. ಮತ್ತೆ ಕೂತಳು. ಪಾಯಸ ಇಳಿಸಿದಳು. ಬ್ರಾಹ್ಮಣರು ಉಂಡು, ಕೈತೊಳೆದು, ದಕ್ಷಿಣೆ ತೆಗೆದುಕೊಂಡು ಮೆಟ್ಟಿಲಿಳಿದ ಮೇಲೆ ಅಂಬುಜಮ್ಮ ಓಡಿಹೋಗಿ ಅವಳ ಭುಜ ಹಿಡಿದಾಗ ಮೈ ತಣ್ಣಗಿತ್ತು, ಬಾಯಿ ಕಟ್ಟಿತ್ತು.

ಆಸ್ಪತ್ರೆಯಲ್ಲಿ ಹೃದಯಾಘಾತ ಎಂದರು. ಹೆಪ್ಪು ಕರಗಿಸುವ ಚುಚ್ಚುಮದ್ದು ಫಲ ಕೊಡುವ ಹೊತ್ತು ಮೀರಿತ್ತು. ಜೀವ ಉಳಿಯಿತು. ಆದರೆ ಹಾಸಿಗೆಯಲ್ಲಿ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ದಿಂಬು ಪೇರಿಸಿ ಕೂತೇ ನಿದ್ದೆ ಮಾಡಬೇಕಿತ್ತು. ಅಲ್ಲಿಂದ ಅವಳನ್ನು ಹೃದಯದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ ಚಿತ್ರ ತೆಗೆದರು.

ಅಲ್ಲಿ ಶಸ್ತ್ರಚಿಕಿತ್ಸೆಯ ತಂಡದಲ್ಲಿ ಅಭಿಲಾಷ್ ಎಂಬ ಎಳೆಯ ಡಾಕ್ಟರ್ ಇದ್ದ. ಪಾಂಡವಪುರದ ರೈತರ ಮಗ, ಮದರಾಸಿಗೆ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಕನ್ನಡದ ಅಜ್ಜಿ ಎಂದು ತಿಳಿದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಗುರುಚರಣ, ಶ್ರೀವಿದ್ಯಾ ಕಾಲ ಬಳಿ ನಿಂತಿದ್ದರು.

“ಅಮ್ಮಾವ್ರೇ, ನಮ್ಮ ಕಡೆ ನಾಲೆ ನೀರು ಹೆಂಗೆ ಗದ್ದೆಗೆ ಬತ್ತದೆ ನೋಡಿದೀರಾ?”

“ನಾನು ಹುಟ್ಟಿದ್ದೇ ತಿರುವಲ್ಲಿಕ್ಕೇಣೀಲಿ ಕಣಪ್ಪಾ. ನಾನು ಕಂಡ ಕಾಲುವೆ ಅಂದ್ರೆ ಬಕಿಂಗ್‌ಹ್ಯಾಮ್ ಕಾಲುವೆ. ಅದನ್ನ ನನ್ನ ಎದೆಗೆ ಹೋಲಿಸ್ಬೇಡ, ಮೂಗು ಮುಚ್ಕೋಬೇಕಾಗತ್ತೆ.”

ಅಭಿಲಾಷ್ ನಕ್ಕ. ಆದರೂ ನಾಲೆಯ ಲೆಕ್ಕದಲ್ಲೇ ಬಿಡಿಸಿ ಹೇಳಿದ. ಹೃದಯದ ಮಾಂಸಕ್ಕೆ ರಕ್ತ ಒಯ್ಯುವ ಮೂರೂ ಕಾಲುವೆಗಳಲ್ಲಿ ಹೂಳು ತುಂಬಿದೆ. ಒಂದಂತೂ ಪೂರಾ ಕಟ್ಟಿ, ಅದರ ಕೆಳಗಿನ ಮಾಂಸ ಒಣಗಿದೆ. ಆ ಮಾಂಸದಿಂದ ಹೊರಟ ಹುರಿಗಳೇ ಒಳಗಿನ ಒಂದು ತೂಬಿನ, ಅಂದರೆ ವಾಲ್ವ್‌ನ, ಬಾಗಿಲನ್ನು ಹಿಡಿದಿರುವುದು. ಮಾಂಸ ಸತ್ತು ಹುರಿ ಜೋತುಬಿದ್ದಿದೆ. ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ, ಶ್ವಾಸಕೋಶದ ಕಡೆಗೆ ಸೋರುತ್ತಿದೆ. ಮಲಗಿದರೆ ಉಸಿರು ಕಟ್ಟುವುದು ಅದಕ್ಕೆ.

ಇದಕ್ಕೆ ದಾರಿಗಳಿವೆ ಎಂದ. ಬಲೂನು ತೂರಿಸಿ, ಸ್ಟೆಂಟ್ ಎಂಬ ಸಣ್ಣ ಜಾಲರಿ ಇಟ್ಟು ಕಾಲುವೆ ಅಗಲ ಮಾಡಬಹುದು. ಎದೆ ಕೊಯ್ಯಬೇಕಾಗಿಲ್ಲ, ಆದರೆ ತೂಬು ಸೋರುತ್ತಲೇ ಇರುತ್ತದೆ. ಬೈಪಾಸ್ ಮಾಡಿದರೆ, ಕಾಲಿನಿಂದ ಒಂದು ನಾಳ ಬಿಡಿಸಿ, ಎದೆಗೂಡಿನ ಗೋಡೆಯಿಂದ ಇನ್ನೊಂದನ್ನು ತಿರುಗಿಸಿ, ಕಟ್ಟಿದ ಜಾಗ ದಾಟಿಸಿ ಹೊಸ ಕಾಲುವೆ ಜೋಡಿಸುತ್ತಾರೆ. ಎದೆ ತೆರೆದಾಗಲೇ ತೂಬಿನ ಕೆಲಸವೂ ಆಗಬೇಕು. ಸುತ್ತ ಬಳೆ ಹೊಲಿದು ಬಿಗಿ ಮಾಡುವುದುಂಟು, ಆದರೆ ಅವಳ ಹುರಿಗಳ ಗತಿ ನೋಡಿದರೆ ಹೊಲಿಗೆ ನಿಲ್ಲುವ ನೆಚ್ಚಿಗೆ ಇಲ್ಲ. ಹಳೆಯದನ್ನು ತೆಗೆದು ಹೊಸ ವಾಲ್ವ್ ಕೂರಿಸುವುದು ಲೇಸು. ಏನೂ ಮಾಡದೆ ಬಿಟ್ಟರೆ ಹೆಚ್ಚು ದಿನವಿಲ್ಲ. ಮಾಡಿದರೂ ಮೇಜಿನ ಮೇಲೇ ಹೋಗುವವರಿದ್ದಾರೆ. ಈ ಮಾತನ್ನೂ ಅವನು ಮುಚ್ಚಿಡಲಿಲ್ಲ.

ಹೊಸ ವಾಲ್ವ್‌ನಲ್ಲಿ ಎರಡು ಬಗೆ. ಲೋಹದ್ದು ಬಹುಕಾಲ ಬಾಳುತ್ತದೆ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಬದುಕಿರುವ ತನಕ ದಿನವೂ ರಕ್ತ ತೆಳುವಾಗಿಸುವ ಗುಳಿಗೆ ನುಂಗಬೇಕು. ಆಗಾಗ ರಕ್ತ ಪರೀಕ್ಷೆ. ಉಪವಾಸ ಮಾಡಿದರೆ ಒಂದು ಕಡೆ ಏರುಪೇರು, ಸೊಪ್ಪು ಹೆಚ್ಚು ತಿಂದರೆ ಇನ್ನೊಂದು ಕಡೆ. ಎರಡನೆಯ ಬಗೆಯ ಹೆಸರು ಹೇಳುವ ಮೊದಲೇ ಗುರುಚರಣ ಇಂಗ್ಲಿಷಿನಲ್ಲಿ ನಡುವೆ ಬಾಯಿ ಹಾಕಿದ. ಅದು ಎಲ್ಲಿಂದ ಬರುತ್ತದೆಂದು ಅಮ್ಮನಿಗೆ ಹೇಳಬೇಡಿ, ಲೋಹದ್ದೇ ಇಡಿ, ಸಹಿ ನಾನು ಹಾಕುತ್ತೇನೆ ಎಂದ.

ಅಭಿಲಾಷ್ ಅವನ ಮುಖ ನೋಡಿ, ಮತ್ತೆ ಕನ್ನಡಕ್ಕೆ ಬಂದ. “ಎದೆ ಅವರದು ಸಾರ್. ಅವರಿಗೆ ಗೊತ್ತಿಲ್ಲದೆ ನಾವು ಏನೂ ಇಡಾಕಿಲ್ಲ.” ಅವಳ ಕಡೆ ತಿರುಗಿದ. “ಇನ್ನೊಂದು ಹಂದೀದು ಅಮ್ಮಾವ್ರೇ. ಅದರ ಹೃದಯದ ವಾಲ್ವ್‌ನ ಶುದ್ಧಿ ಮಾಡಿ, ಔಷಧೀಲಿ ನೆನಸಿಟ್ಟಿರ್ತಾರೆ. ಹಸೂದರಲ್ಲೂ ಮಾಡ್ತಾರೆ. ಮೂರು ತಿಂಗಳು ಆ ಗುಳಿಗೆ ತಗಂಡ್ರೆ ಸಾಕು. ಆದ್ರೆ ಹತ್ತು ಹದಿನೈದು ವರ್ಷಕ್ಕೆ ಸವೀತದೆ.”

ಶ್ರೀವಿದ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಮಾಬಾಯಿ ಕೇಳಿದ್ದು ಹಂದಿಯ ಸಂಗತಿಯನ್ನಲ್ಲ. ಲೋಹದ್ದು ಇಟ್ಟುಕೊಂಡರೆ, ಈಳಿಗೆ ಮಣೆಯಲ್ಲಿ ಬೆರಳು ಕೊಯ್ದರೆ ಏನಾಗುತ್ತದೆ ಎಂದು ಕೇಳಿದಳು. ರಕ್ತ ಬೇಗ ನಿಲ್ಲುವುದಿಲ್ಲ, ಬಹಳ ಹೊತ್ತು ಒತ್ತಿ ಹಿಡಿಯಬೇಕು ಎಂದ ಅಭಿಲಾಷ್. ಈಳಿಗೆ ಮಣೆಯ ಮುಂದೆ ಕೂತವಳ ಬೆರಳು ತಿಂಗಳಿಗೊಮ್ಮೆಯಾದರೂ ಕೊಯ್ಯುತ್ತದೆ. ಒಂದು ಹನಿ ರಕ್ತ ಬಿದ್ದರೆ ಶ್ರಾದ್ಧದ ಅಡುಗೆ ಅಡುಗೆಯಲ್ಲ. ರಮಾಬಾಯಿ ಮನಸ್ಸಿನಲ್ಲೇ ತೂಗಿದಳು. ಲೋಹ ಕೂರಿಸಿದರೆ ಕೆಲಸ ಅವಳ ಬೆರಳಿನಿಂದ ಹೋಗುತ್ತದೆ. ಹಂದಿಯದನ್ನು ಕೂರಿಸಿದರೆ ಜನರ ಬಾಯಿಂದ ಹೋಗಬಹುದು.

“ಹಸೂದು ಬೇಡ,” ಎಂದಳು. “ಹಂದೀದೇ ಇಡು.”

“ಅಮ್ಮಾ, ನೀನು ಮಡಿ ಅಡುಗೆಯವಳು. ಯೋಚನೆ ಮಾಡಿ ಹೇಳು,” ಎಂದ ಗುರುಚರಣ.

“ಭೂಮೀನ ನೀರಿಂದ ಎತ್ತುವಾಗ ದೇವರಿಗೆ ಹಂದಿ ರೂಪವೇ ಬೇಕಾಯ್ತಲ್ಲೋ ಗುರು. ಅಷ್ಟು ದೊಡ್ಡ ಭೂಮೀನ ಎತ್ತಿದವನಿಗೆ ನಾನೊಬ್ಬಳು ಭಾರವಾ?”

ಎದೆಯ ಮೂಳೆಯನ್ನು ನಡುವೆ ಗರಗಸದಿಂದ ಸೀಳಿ, ಹೃದಯ ನಿಲ್ಲಿಸಿ, ಆ ಹೊತ್ತಿಗೆ ಅದರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಬೈಪಾಸೂ ಮಾಡಿದರು, ವಾಲ್ವೂ ಕೂರಿಸಿದರು. ಮೂಳೆಯನ್ನು ತಂತಿಯಿಂದ ಬಿಗಿದು ಮುಚ್ಚಿದರು. ನಡುವೆ ಒಮ್ಮೆ ಜ್ವರ ಬಂತು, ಇಳಿಯಿತು. ಮನೆಗೆ ಕಳಿಸುವಾಗ ಅಭಿಲಾಷ್ ಕಟ್ಟುನಿಟ್ಟು ಹೇಳಿದ. ಮೂಳೆ ಕೂಡುವ ತನಕ ಭಾರ ಎತ್ತಬಾರದು, ಎಳೆಯಬಾರದು, ಕೆಮ್ಮಿದರೆ ದಿಂಬನ್ನು ಎದೆಗೊತ್ತಿ ಕೆಮ್ಮಬೇಕು. ಏಕಾದಶಿಗೆ ನೀರು ಮಾತ್ರ ಬಿಡಬಾರದು. ಗುಳಿಗೆ ಇದ್ದ ತಿಂಗಳುಗಳಲ್ಲಿ ಅವಳು ಏಕಾದಶಿಯನ್ನೇ ಬಿಟ್ಟಳು. ರೋಗಿಗೆ ವ್ರತವಿಲ್ಲ ಎಂದು ತಾನೇ ತೀರ್ಮಾನಿಸಿಕೊಂಡಳು. ಮುಂದಿನ ಮಾತಿಗೆ, ನೋಡೋಣ ಎಂದಳು.

ಬೆಸೆಂಟ್ ನಗರದ ಫ್ಲಾಟಿನಲ್ಲಿ ಇದ್ದಷ್ಟು ದಿನ ಶ್ರೀವಿದ್ಯಾ ಮಾಡಿ ಬಡಿಸಿದ್ದನ್ನು ಸೊಲ್ಲೆತ್ತದೆ ಉಂಡಳು. ಉಪ್ಪು ಕಡಿಮೆಯಾದ ಸಾರಿಗೆ ಮುಖ ಸಿಂಡರಿಸಲೂ ಇಲ್ಲ. ನಾಳ ತೆಗೆದ ಕಾಲು ಸಂಜೆಗೆ ಬಾತುಕೊಳ್ಳುತ್ತಿತ್ತು. ಅದನ್ನು ಸ್ಟೂಲಿನ ಮೇಲಿಟ್ಟು ಕಿಟಕಿಯಿಂದ ಸಮುದ್ರ ನೋಡುತ್ತ ಕೂತಿರುವಳು. ಅಷ್ಟು ನೀರು ಇದ್ದೂ ಒಂದು ಚೊಂಬೂ ಅಡುಗೆಗೆ ಬಾರದಲ್ಲ ಎಂದು ಒಮ್ಮೆ ಹೇಳಿದಳಂತೆ.

ನೋಡಲು ಬಂದ ಹೆಂಗಸರು ತಿರುವಲ್ಲಿಕ್ಕೇಣಿಯಿಂದ ಹಣ್ಣು ತಂದರು. ಒಬ್ಬಾಕೆ ಕೇಳಿದಳು, ಒಳಗೆ ಸ್ಟೀಲಿನದು ಇಟ್ಟಿದ್ದಾರಂತೆ, ಹೌದೇ ಎಂದು. ಗುರುಚರಣ ಹೌದೆನ್ನುವುದರೊಳಗೆ ರಮಾಬಾಯಿ, “ಇಲ್ಲ, ಹಂದೀದು. ಆ ಫ್ಯಾನು ಸ್ವಲ್ಪ ಜೋರು ಮಾಡಿ,” ಎಂದಳು. ಹೆಂಗಸರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ವಾರ ಕಳೆಯುವುದರೊಳಗೆ ಮೈಲಾಪುರದವರೆಗೂ ಸುದ್ದಿ ಹಬ್ಬಿತು.

ಮೂಳೆ ಕೂಡಿದ ಮೇಲೆ ತನ್ನ ಎರಡು ಕೋಣೆಗೆ ಹಿಂತಿರುಗಿದಳು. ದೊಡ್ಡ ಬಿಂದಿಗೆ ಅಟ್ಟಕ್ಕೇರಿತು, ಬಾವಿಯ ಹಗ್ಗಕ್ಕೆ ಚೊಂಬು ಬಂತು. ಮೊದಲು ಅರ್ಧ ಚೊಂಬು, ಆಮೇಲೆ ತುಂಬ, ಬೇಸಗೆಯ ಹೊತ್ತಿಗೆ ಚೊಂಬಿಗಿಂತ ತುಸು ದೊಡ್ಡ ತಂಬಿಗೆ. ಎರಡು ಸೇದಿ ಕಟ್ಟೆಯ ಮೇಲೆ ಕೂತು ಉಸಿರು ತಿರುಗಿಸಿಕೊಳ್ಳುವಳು. ತನ್ನೊಬ್ಬಳ ಅಡುಗೆಯನ್ನು ಮಡಿಯಲ್ಲೇ ಮಾಡಿಕೊಂಡಳು. ಆದರೆ ಕರೆ ಬರಲಿಲ್ಲ. ಇಷ್ಟು ವರ್ಷ ಅವಳ ಕೈಯಡುಗೆ ಉಂಡ ಮನೆಗಳು, ಪಾಪ ಸುಧಾರಿಸಿಕೊಳ್ಳಲಿ ಎಂದು ಹೇಳಿಕಳಿಸಿ ಬೇರೆಯವರನ್ನು ಕರೆದವು. ಎದುರು ಸಿಕ್ಕರೆ ಆರೋಗ್ಯ ಕೇಳಿದವು. ಅಡುಗೆಯ ಮಾತು ಮಾತ್ರ ಎತ್ತಲಿಲ್ಲ. ಬ್ರಾಹ್ಮಣಾರ್ಥಕ್ಕೆ ಕೂರುವ ಕೆಲವರು ಹಂದಿ ಎದೆಯವಳ ಅಡುಗೆ ಉಣ್ಣೆವು ಎಂದದ್ದು ಅವಳ ಕಿವಿಗೂ ಬಿತ್ತು. ಕೊಳದಪ್ಪಲೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಬೋರಲು ಹಾಕಿಟ್ಟಳು.

ಗುರುಚರಣ ಪ್ರತಿ ಭಾನುವಾರ ಬಂದು, ಇನ್ನಾದರೂ ಬಂದುಬಿಡು ಎಂದು ಕರೆದ. ಇಲ್ಲೇ ಇರುವುದಾದರೆ ಬಾವಿಗೆ ಮೋಟಾರು ಹಾಕಿಸುತ್ತೇನೆ, ನೀರು ತುಂಬಲು ಆಳಿಡುತ್ತೇನೆ ಎಂದೂ ಹೇಳಿ ನೋಡಿದ. ಅವಳು ಅವನಿಗೆ ಹುಳಿಯನ್ನ ಬಡಿಸಿ ಕಳಿಸುತ್ತಿದ್ದಳು.

ವರ್ಷ ತಿರುಗಿ ಅಂಬುಜಮ್ಮನ ಮಾವನ ಶ್ರಾದ್ಧ ಮತ್ತೆ ಬಂತು. ಅಂಬುಜಮ್ಮ ತಾನೇ ಆಟೋ ಮಾಡಿಕೊಂಡು ಬಂದಳು. ಒಳಗೆ ಬಂದು ಕೂತು, ಹೋದ ವರ್ಷ ಹೊಸಿಲಾಚೆ ನಿಂತದ್ದರ ವಿಷಯ ಎತ್ತಲು ನೋಡಿದಳು. ರಮಾಬಾಯಿ ಬಿಡಲಿಲ್ಲ, ಉದ್ದಿನಬೇಳೆ ಮನೆಯಲ್ಲಿದೆಯೇ, ತರಿಸಬೇಕೇ ಎಂದು ಕೇಳಿದಳು. ಅಲ್ಲಿಗೆ ಕರೆಯೂ ಒಪ್ಪಿಗೆಯೂ ಮುಗಿಯಿತು.

ದ್ವಾದಶಿಯ ಬೆಳಗಿನ ಜಾವ ಅಂಬುಜಮ್ಮನ ಹಿತ್ತಲ ಬಾವಿಯಲ್ಲಿ ರಮಾಬಾಯಿ ನೀರು ಸೇದುತ್ತಿದ್ದಳು. ಮಡಿ ಉಟ್ಟಿದ್ದಳು. ಹಿಂದಿನ ದಿನ ಉಪವಾಸವಿದ್ದಳು, ಆದರೆ ಅಭಿಲಾಷನ ಮಾತಿಗೆ ನೀರು ಕುಡಿದಿದ್ದಳು. ತಂಬಿಗೆ ಚಿಕ್ಕದು, ತುಂಬಬೇಕಾದ ಕೊಳದಪ್ಪಲೆ ದೊಡ್ಡದು. ಮೂರನೆಯ ತಂಬಿಗೆ ಮೇಲೆ ಬರುವಾಗ ನಿಂತು ಉಸಿರು ತೆಗೆದುಕೊಂಡಳು. ಹರಿದಾಸಾಚಾರ್ ಹಿತ್ತಲ ಬಾಗಿಲಿಗೆ ಬಂದರು. ಅವರ ಮುಖ ಬಾಡಿತ್ತು.

“ರಮಾಬಾಯಿ, ಒಂದು ಮಾತು. ದ್ವಾದಶಿ ಅಂತ ಬ್ರಾಹ್ಮಣಾರ್ಥಕ್ಕೆ ಬೇಗ ಬಂದ ಇಬ್ಬರಲ್ಲಿ ಒಬ್ಬರು ಬೀದಿ ಬಾಗಿಲಲ್ಲೇ ನಿಂತಿದಾರೆ. ಅಡುಗೆ ಯಾರದು ಅಂತ ಕೇಳ್ತಿದಾರೆ.”

“ನಂದು ಅಂತ ಹೇಳಿ.”

“ಹೇಳಿದೆ. ಒಳಗಿರೋದು ಎಂಥದ್ದು ಅಂತ ಕೇಳಿದ್ರು.” ಆಚಾರ್ ದನಿ ತಗ್ಗಿಸಿದರು. “ಲೋಹದ್ದು ಅಂತ ಹೇಳಿಬಿಡ್ತೀನಿ. ಜನ ಸುಮ್ಮನೆ ಏನೇನೋ ಆಡ್ಕೊಂಡ್ರು, ನಾನೇ ಆಸ್ಪತ್ರೇಲಿ ವಿಚಾರಿಸಿದೆ ಅಂತೀನಿ. ನನ್ನ ಮಾತನ್ನ ಈ ಕೇರೀಲಿ ಯಾರೂ ಅಲ್ಲಗಳೆಯೋಲ್ಲ. ಎಲ್ಲಾ ಮನೇನೂ ನಿಮ್ಮನ್ನ ಮತ್ತೆ ಕರೆಯತ್ತೆ. ಹೋದ ವರ್ಷ ನಾನು ಅಲ್ಲಿ ಹೊಸಿಲಲ್ಲಿ ನಿಂತುಬಿಟ್ಟೆ. ಇಷ್ಟಾದ್ರೂ ಮಾಡೋಕೆ ಬಿಡಿ.”

ಹೇಳುತ್ತ ಎರಡು ಹೆಜ್ಜೆ ಮುಂದೆ ಬಂದು ಹಗ್ಗಕ್ಕೆ ಕೈ ಚಾಚಿದರು. ರಮಾಬಾಯಿ ಹಗ್ಗವನ್ನು ತನ್ನ ಕಡೆಗೆ ಎಳೆದುಕೊಂಡಳು. ತಂಬಿಗೆ ಕಲ್ಲಿಗೆ ತಗುಲಿ ಅರ್ಧ ನೀರು ಚೆಲ್ಲಿತು.

“ದೂರ ನಿಲ್ಲಿ ಆಚಾರ್ರೇ. ನೀವು ಮುಟ್ಟಿದ್ರೆ ನಾನು ಮತ್ತೆ ಮೊದಲಿಂದ ಸೇದ್ಬೇಕು, ಎದೇಲಿ ಅಷ್ಟು ಕಸುವಿಲ್ಲ. ಹೋದ ವರ್ಷ ನೀವು ಮುಟ್ಟಲಿಲ್ಲ, ಯಾಕಂದ್ರೆ ನಾನೇ ಬೇಡ ಅಂದೆ. ಈ ವರ್ಷಾನೂ ನಾನೇ ಬೇಡ ಅಂತಿದೀನಿ. ಹೋಗಿ ಅವರಿಗೆ ಹಂದೀದು ಅಂತಲೇ ಹೇಳಿ. ಕೂತ್ರೆ ಬಡಿಸ್ತೀನಿ, ಹೋದ್ರೆ ಇನ್ನೊಬ್ಬರನ್ನ ಹುಡುಕಿ, ಅದು ನಿಮ್ಮ ಕೆಲಸ. ನೀರು ಸೇದೋದು ನನ್ನ ಕೆಲಸ.”